ಯಾರಿಗೂ ಬಾರದ ಭಾಷೆಯಲ್ಲಿ ಒಂದು ಪಾಠ

ಅಲ್ಲ, ಕಿಟಕಿ ನನ್ನ ಎಡಗಡೆ ಇರಲಿಲ್ಲ. ಎಡಗಡೆ ಇದ್ದದ್ದು ನ್ಯಾಮತಿಯ ಹೈಸ್ಕೂಲಿನ ಕಿಟಕಿ. ಅದರಾಚೆಯಿಂದ ಬಸ್ಸುಗಳ ಹಾರನ್ ಕೇಳುತ್ತಿತ್ತು. ಇಲ್ಲಿ, ನೈಜೀರಿಯಾದ ಉತ್ತರಕ್ಕಿದ್ದ ಆ ಶಾಲೆಯಲ್ಲಿ, ಕಿಟಕಿ ನನ್ನ ಬೆನ್ನಿಗಿತ್ತೋ ಬಲಕ್ಕಿತ್ತೋ. ಬೆನ್ನಿಗಿದ್ದಿದ್ದರೆ ಅದರ ಹೊರಗೆ ನಿಂತಿದ್ದ ಉಪಪ್ರಾಂಶುಪಾಲರನ್ನು ನಾನು ನೋಡಿರಲು ಸಾಧ್ಯವಿಲ್ಲ. ಆದರೆ ನೋಡಿದ ನೆನಪಿದೆ: ಬಿಳಿಯ ಉದ್ದ ನಿಲುವಂಗಿ, ಕಸೂತಿ ಹಾಕಿದ ಟೋಪಿ, ಕಟ್ಟಿಕೊಂಡ ಕೈ. ಯಾರೋ ಆಮೇಲೆ ಹೇಳಿದ್ದನ್ನು ನನ್ನ ಕಣ್ಣು ತಾನೇ ಕಂಡದ್ದೆಂದು ಇಟ್ಟುಕೊಂಡಿರಬಹುದು. ಹಾಗಾಗಿ ಕಿಟಕಿಯನ್ನು ಬಿಟ್ಟುಬಿಡುತ್ತೇನೆ. ಖಚಿತವಾಗಿ ಗೊತ್ತಿರುವುದು ಇಷ್ಟೇ: ಪರದೇಶಕ್ಕೆ ಇಂಗ್ಲಿಷ್ ಕಲಿಸಲೆಂದು ಹೋದ ನಾನು ಅಲ್ಲಿನ ನನ್ನ ಮೊದಲ ಪಾಠವನ್ನು ಕನ್ನಡದಲ್ಲಿ ಮಾಡಿದೆ.

ಇಡೀ ಪಾಠವನ್ನಲ್ಲ, ಅದರ ಒಂದು ಭಾಗವನ್ನು. ಎಷ್ಟು ಭಾಗ ಎಂಬುದರಲ್ಲಿ ತಕರಾರಿದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಆಫ್ರಿಕಾದ ಶಾಲೆಗಳಿಗೆ ಮೇಷ್ಟ್ರುಗಳು ಬೇಕೆಂಬ ಜಾಹೀರಾತು ಪತ್ರಿಕೆಗಳಲ್ಲಿ ಬರುತ್ತಿತ್ತು. ಮದ್ರಾಸಿಗೆ ಹೋಗಿ ಸಂದರ್ಶನ ಕೊಟ್ಟು ಆಯ್ಕೆಯಾದೆ. ನ್ಯಾಮತಿಯಲ್ಲಿ ನಾನಿದ್ದದ್ದು ಖಾಸಗಿ ಆಡಳಿತ ಮಂಡಳಿಯ ಶಾಲೆ. ಅವರು ರಜೆ ಕೊಡಲು ಒಪ್ಪಲಿಲ್ಲ, ರಾಜೀನಾಮೆ ಕೊಟ್ಟೆ. ನಾನು ಊರು ಬಿಡುವ ಮೊದಲೇ ನನ್ನ ಜಾಗಕ್ಕೆ ಬೇರೊಬ್ಬರು ಬಂದು, ನನ್ನ ಕುರ್ಚಿಯ ಒಂದು ಕಾಲು ಕುಂಟುತ್ತದೆಂದು ನನ್ನ ಹತ್ತಿರವೇ ದೂರಿದ್ದರು.

ನ್ಯಾಮತಿಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಬಗೆಯನ್ನು ಮೊದಲು ಹೇಳಬೇಕು. ಪುಸ್ತಕದ ಒಂದು ವಾಕ್ಯವನ್ನು ಗಟ್ಟಿಯಾಗಿ ಓದುವುದು. ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವುದು. ಆ ಅರ್ಥಕ್ಕೊಂದು ವಿವರಣೆ, ವಿವರಣೆಗೊಂದು ಊರ ಕಡೆಯ ಉದಾಹರಣೆ. ಕಠಿಣ ಪದಗಳನ್ನು ಬೋರ್ಡಿನ ಮೇಲೆ ಬರೆದು ಎದುರಿಗೆ ಕನ್ನಡದ ಪದ. ಕೊನೆಗೆ ಗದ್ದ ಎತ್ತಿ, "ಗೊತ್ತಾಯ್ತಾ?" ಅನ್ನುವುದು. ಇಡೀ ತರಗತಿ "ಹೂಂ ಸಾರ್" ಅನ್ನುವುದು. ಆಮೇಲೆ ಪ್ರಶ್ನೋತ್ತರ ಬರೆಸುವುದು. ಜಗಳೂರಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರೂ ಹೀಗೆಯೇ ಮಾಡಿದ್ದರು. ನಮ್ಮ ಕಡೆ ಇಂಗ್ಲಿಷ್ ಅನ್ನುವುದು ಕನ್ನಡದ ತೆಪ್ಪದಲ್ಲಿ ಕೂತೇ ಹೊಳೆ ದಾಟುತ್ತಿತ್ತು. ತೆಪ್ಪ ಇಲ್ಲದ ಹೊಳೆ ಎಂಥದೆಂದು ನಾನು ಯೋಚಿಸಿಯೇ ಇರಲಿಲ್ಲ.

ಅಲ್ಲಿನ ಮೊದಲ ದಿನ ನನಗೆ ಕೊಟ್ಟದ್ದು ಫಾರಂ ಒನ್, ಅಂದರೆ ಹೈಸ್ಕೂಲಿನ ಮೊದಲ ತರಗತಿ. ಸುತ್ತಲ ಹಳ್ಳಿಗಳಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗರು. ಪ್ರಾಥಮಿಕ ಶಾಲೆಯಲ್ಲಿ ಎಲ್ಲವನ್ನೂ ತಮ್ಮ ಹೌಸಾ ಭಾಷೆಯಲ್ಲಿ ಕಲಿತವರು, ಇಂಗ್ಲಿಷ್ ಅಷ್ಟಿಷ್ಟು. ನಾನು ಒಳಗೆ ಕಾಲಿಟ್ಟ ಕೂಡಲೇ ಎದ್ದು ನಿಂತರು. ಬೆಂಚುಗಳ ಸಾಲು, ಸುಣ್ಣದ ಗೋಡೆ, ಸೀಮೆಸುಣ್ಣದ ಧೂಳಿನ ವಾಸನೆ, ಎಲ್ಲ ನನಗೆ ಗೊತ್ತಿದ್ದದ್ದೇ. ಆ ಗುರುತೇ ಮೋಸ ಮಾಡಿತೆಂದು ಕಾಣುತ್ತದೆ. ಪುಸ್ತಕದಲ್ಲಿ ದಾರಿ ತಪ್ಪಿದ ಒಬ್ಬ ದಾರಿಹೋಕನ ಪಾಠ. ಮೊದಲ ವಾಕ್ಯ ಓದಿದೆ. ಎರಡನೆಯದನ್ನು ಓದಿದೆ. ಮೂರನೆಯದರ ಹೊತ್ತಿಗೆ ನಾಲಿಗೆ ತನ್ನ ಹಳೆಯ ಜಾಡು ಹಿಡಿದಿತ್ತು.

ಹುಡುಗರು ಬೆನ್ನು ನೆಟ್ಟಗೆ ಮಾಡಿ ಕೂತು ಕೇಳಿದರು. ಅವರಲ್ಲಿ ಒಬ್ಬನೂ ನಗಲಿಲ್ಲ. ಹೊಸ ಮೇಷ್ಟ್ರು, ದೂರದೇಶದವರು, ಹಿರಿಯರು; ಅವರು ಹೇಳುತ್ತಿದ್ದಾರೆಂದರೆ ಏನೋ ಇರಬೇಕು. ದಾರಿಹೋಕನಿಗೆ ಬಾಯಾರಿದ್ದನ್ನು ವಿವರಿಸುತ್ತಾ ಸೊಕ್ಕೆಯಿಂದ ಜಗಳೂರಿಗೆ ಬೇಸಿಗೆಯಲ್ಲಿ ನಡೆದು ಬರುವವನ ಪಾಡು ಹೇಳಿದ ನೆನಪು. ಕೊನೆಗೆ ಗದ್ದ ಎತ್ತಿ, "ಗೊತ್ತಾಯ್ತಾ?" ಅಂದೆ.

"ಯಸ್ ಸರ್!" ಇಡೀ ತರಗತಿ ಒಂದೇ ದನಿಯಲ್ಲಿ.

ಆ ಉತ್ತರದಿಂದ ನನಗೆ ತೃಪ್ತಿಯೇ ಆಯಿತು. ತಿರುಗಿ ಬೋರ್ಡಿನ ಮೇಲೆ ಇಂಗ್ಲಿಷ್ ಪದ ಬರೆದು, ಅದರ ಮುಂದೆ 'ದಾರಿಹೋಕ' ಎಂದು ಬರೆದೆ. ಹಾಗೆ ಬರೆದ ಮೇಲೆ ಕೈ ನಿಂತಿತು. ತಿರುಗಿ ನೋಡಿದರೆ ಮುಂದಿನ ಬೆಂಚಿನವರು ತಲೆ ಬಗ್ಗಿಸಿ, ನಾಲಿಗೆ ಕಚ್ಚಿಕೊಂಡು, ಆ ಕನ್ನಡದ ಅಕ್ಷರಗಳನ್ನು ರಂಗೋಲಿ ಬಿಡಿಸುವ ಹಾಗೆ ನಕಲು ಮಾಡುತ್ತಿದ್ದರು.

ಅಂದು ಮಧ್ಯಾಹ್ನವೇ ಪ್ರಾಂಶುಪಾಲರು ಕರೆಸಿದರು. ದೊಡ್ಡ ಆಳು, ಸಣ್ಣ ದನಿ. ಇಂಗ್ಲಿಷ್ ಮಾತನ್ನು ತೂಗಿ ತೂಗಿ ಆಡುವವರು. ಪಕ್ಕದಲ್ಲಿ ಉಪಪ್ರಾಂಶುಪಾಲರು ನಿಂತಿದ್ದರು.

"ಅದು ಯಾವ ಭಾಷೆ?"

"ನನ್ನ ಮಾತೃಭಾಷೆ, ಸರ್. ಕನ್ನಡ."

"ಹುಡುಗರಿಗೆ ಅದು ಬರುತ್ತದೆಯೇ?"

"ಇಲ್ಲ, ಸರ್."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ನಮ್ಮವರು ಇಂಗ್ಲಿಷ್ ಕಲಿಸಿದರೆ ಪ್ರತಿಯೊಂದು ವಾಕ್ಯವನ್ನೂ ಹೌಸಾದಲ್ಲಿ ತಿರುಗಿಸಿ ಹೇಳುತ್ತಾರೆ. ಹುಡುಗರು ಹೌಸಾವನ್ನು ಕೇಳಿಸಿಕೊಂಡು ಇಂಗ್ಲಿಷನ್ನು ಬಿಟ್ಟುಬಿಡುತ್ತಾರೆ. ನಿಮಗೆ ಹೌಸಾ ಬರುವುದಿಲ್ಲ. ಅದೇ ನಿಮ್ಮ ದೊಡ್ಡ ಅರ್ಹತೆ ಅಂದುಕೊಂಡು ನಿಮ್ಮನ್ನು ಕರೆಸಿಕೊಂಡೆವು," ಎಂದರು. ಉಪಪ್ರಾಂಶುಪಾಲರು ಸೀಲಿಂಗ್ ನೋಡಿದರು.

ಬರುವ ವಾರದ ಗುರುವಾರ ತಾವು ಬಂದು ತರಗತಿಯಲ್ಲಿ ಕೂರುವುದಾಗಿ ಪ್ರಾಂಶುಪಾಲರು ಹೇಳಿದರು. ಹೊಸಬರಿಗೆ ಮೊದಲ ಟರ್ಮು ಪರೀಕ್ಷಾರ್ಥ. ಅವರಿಗೆ ಒಪ್ಪಿಗೆಯಾಗದಿದ್ದರೆ ರಾಜಧಾನಿಯ ಕಚೇರಿಗೆ ವರದಿ, ಅಲ್ಲಿಂದ ಊರಿಗೆ ವಿಮಾನದ ಟಿಕೆಟ್. ಊರಿನಲ್ಲಿ ಈಗ ಕುಂಟುವ ಕುರ್ಚಿಯೂ ನನ್ನದಾಗಿರಲಿಲ್ಲ.

ನನಗೆ ಕೊಟ್ಟ ಮನೆಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲವಾದ್ದರಿಂದ ಲೆಕ್ಕದ ಮೇಷ್ಟ್ರ ಮನೆಯಲ್ಲಿ ಇಳಿದುಕೊಂಡಿದ್ದೆ. ಅವರು ಹೊನ್ನಾಳಿ ತಾಲೂಕಿನ ಸಾಸ್ವೆಹಳ್ಳಿಯವರು, ನನಗಿಂತ ಹಿರಿಯರು, ಅಲ್ಲಿಗೆ ಬಂದು ಆಗಲೇ ಹಳಬರಾಗಿದ್ದರು. ಅವರ ಹೆಂಡತಿಯ ತವರು ಚನ್ನಗಿರಿ. ನಾನು ಅಕ್ಕ ಅನ್ನುತ್ತಿದ್ದೆ. ಸುದ್ದಿ ನನಗಿಂತ ಮೊದಲೇ ಆ ಮನೆ ತಲುಪಿತ್ತು.

"ಏನ್ರೀ ಜಗಳೂರು, ಕನ್ನಡ ಪ್ರಚಾರ ಮಾಡಾಕೆ ಇಷ್ಟು ದೂರ ಬಂದ್ರಾ?" ಹೊನ್ನಾಳಿ ಮೇಷ್ಟ್ರು ಬಾಗಿಲಲ್ಲೇ ಹಿಡಿದರು.

"ನಗಬ್ಯಾಡ್ರಿ ಸಾರ್. ಕೆಲಸ ಹೋಗೋ ಹಂಗೈತೆ."

"ಇಡೀ ಪಿರಿಯಡ್ಡು ಕನ್ನಡದಾಗೇ ಹೊಡೆದ್ರಂತೆ?"

"ಇಡೀ ಪಿರಿಯಡ್ ಅಲ್ಲ ಸಾರ್. ಒಂದೈದು ನಿಮಿಷ."

"ಗಂಟೆ ಹೊಡೆಯೋತನಕ ಅಂತ ಆ ಉಪಪ್ರಾಂಶುಪಾಲ್ರೇ ಹೇಳಿದ್ರಲ್ರೀ!"

ಇದೇ ಆ ತಕರಾರು. ಮುಂದೆ ವರ್ಷಗಟ್ಟಲೆ ಅವರು ಈ ಕಥೆ ಹೇಳುವಾಗ ಇಡೀ ಪಿರಿಯಡ್ ಅನ್ನುತ್ತಲೇ ಬಂದರು. ನಾನು ಐದು ನಿಮಿಷ ಅನ್ನುತ್ತಲೇ ಬಂದೆ. ಇಬ್ಬರ ಹತ್ತಿರವೂ ಗಡಿಯಾರ ಇರಲಿಲ್ಲ.

"ಪಾಪ, ಅವರು ಹೆದರ್ಕಂಡು ಕುಂತಾರೆ, ನಿಮಗೆ ತಮಾಷೆ," ಅಕ್ಕ ಒಳಗಿನಿಂದ ಗದರಿದರು. "ಬರ್ರಿ ಮೇಷ್ಟ್ರೇ, ರೊಟ್ಟಿ ತಿನ್ರಿ. ಅಂಚು ಒಡೆದೈತೆ ಅಂತ ಆಡಿಕೊಳ್ಳಬ್ಯಾಡ್ರಿ. ಈ ಊರ ಜೋಳಕ್ಕೆ ಜಿಗಿನೇ ಇಲ್ಲ."

"ನಂದು ಲೆಕ್ಕ, ನಾ ಬಚಾವು," ಎಂದರು ಹೊನ್ನಾಳಿ ಮೇಷ್ಟ್ರು, ರೊಟ್ಟಿ ಮುರಿಯುತ್ತಾ. "ಎರಡಕ್ಕೆ ಎರಡು ಕೂಡಿಸಿದ್ರೆ ಹೌಸಾದಾಗೂ ನಾಲ್ಕೇ. ನಿಮ್ಮದು ಹಂಗಲ್ಲ. ಒಂದು ಕೆಲಸ ಮಾಡ್ರಿ, ಪಾಠ ಪೂರ್ತಿ ಇಂಗ್ಲಿಷ್‌ನಾಗೆ ಬರಕೊಂಡು ಬಾಯಿಪಾಠ ಹೊಡೀರಿ."

ಹಾಗೆಯೇ ಮಾಡಿದೆ. ಹೇಳಬೇಕಾದ ಪ್ರತಿಯೊಂದು ವಾಕ್ಯವನ್ನೂ ಬರೆದು, ಕನ್ನಡ ನುಸುಳಲು ಸಂದಿಯೇ ಇಲ್ಲದ ಹಾಗೆ ಉರುಹೊಡೆದೆ. ಕೆಲವು ದಿನ ಹೀಗೆ ನಡೆಯಿತು. ಕನ್ನಡ ಬರಲಿಲ್ಲ ನಿಜ. ಆದರೆ ನನ್ನ ಇಂಗ್ಲಿಷ್ ತರಗತಿಯ ಮೇಲೆ ಹಾದು ಹಿಂಬದಿಯ ಗೋಡೆಗೆ ಬಡಿದು ನನ್ನ ಹತ್ತಿರವೇ ವಾಪಸು ಬರುತ್ತಿತ್ತು. ಹುಡುಗರು ಎಲ್ಲದಕ್ಕೂ "ಯಸ್ ಸರ್" ಅನ್ನುತ್ತಿದ್ದರು. ಅನುಮಾನ ಬಂದು ಒಂದು ದಿನ, ಪಾಠದ ದನಿಯಲ್ಲೇ, ಇಂಗ್ಲಿಷಿನಲ್ಲಿ ಕೇಳಿದೆ: "ನೀವೆಲ್ಲರೂ ಆಡುಗಳೇ?"

"ಯಸ್ ಸರ್!"

"ನಾನೂ ಒಂದು ಆಡೇ?"

"ಯಸ್ ಸರ್!"

ಅವರು ಸುಳ್ಳು ಹೇಳುತ್ತಿರಲಿಲ್ಲ. ಮರ್ಯಾದೆ ಕೊಡುತ್ತಿದ್ದರು. ನ್ಯಾಮತಿಯ "ಹೂಂ ಸಾರ್" ಕೂಡ ಇದೇ ಆಗಿತ್ತೇನೋ ಎಂಬ ಯೋಚನೆ ಬಂದು, ಅದನ್ನು ಮುಂದುವರಿಸುವ ಧೈರ್ಯ ಆಗಲಿಲ್ಲ.

ಒಂದು ಸಂಜೆ ಹೊನ್ನಾಳಿ ಮೇಷ್ಟ್ರ ಜೊತೆ ಆಟದ ಮೈದಾನದ ಅಂಚಿಗೆ ನಿಂತಿದ್ದೆ. ಮಳೆಗಾಲ ಆಗಷ್ಟೇ ಮುಗಿದು ನೆಲ ಒಣಗುತ್ತಿತ್ತು. ಫಾರಂ ಒನ್ನಿನ ಹುಡುಗನೊಬ್ಬ ಚೆಂಡನ್ನು ಗೋಲಿಗೆ ಹೊಡೆದ. ಹೊಡೆದವನು ಗೋಲ್‌ಕೀಪರನ ಮುಂದೆ ಓಡಿ ಹೋಗಿ, ಎದೆಯುಬ್ಬಿಸಿ, ಗದ್ದ ಎತ್ತಿ ಕೂಗಿದ: "ಗೊತ್ತಾಯ್ತಾ?"

ಅವನ ಕಡೆಯವರೆಲ್ಲ ಕುಣಿಯುತ್ತಾ, "ಯಸ್ ಸರ್!"

ಹೊನ್ನಾಳಿ ಮೇಷ್ಟ್ರು ನಕ್ಕು ನಕ್ಕು ನೆಲಕ್ಕೆ ಕೂತರು. "ನಿಮಗೆ ಹೆಸರಿಟ್ಟಾರೆ ಕಣ್ರೀ! ಮಿಸ್ಟರ್ ಗೊತ್ತಾಯ್ತಾ! ಹಾಸ್ಟೆಲ್‌ನಾಗೆ ಎಲ್ಲಾ ಇದೇ ಅಂತಾರೆ."

ನನಗೆ ಮುಖ ಎತ್ತಲಾಗಲಿಲ್ಲ. ಬೇಗ ಮನೆಯ ಕಡೆ ಹೊರಟೆ. ದಾರಿಯಲ್ಲಿ ಸೈಕಲ್ಲಿನ ಚೈನು ಕಳಚಿಕೊಂಡು ನಿಂತಿದ್ದ ಇಬ್ಬರು ಹುಡುಗರು ಸಿಕ್ಕರು. ಒಬ್ಬ ಇನ್ನೊಬ್ಬನಿಗೆ ಚೈನು ಕೂರಿಸುವ ಬಗೆಯನ್ನು ಹೌಸಾದಲ್ಲಿ ತಾಳ್ಮೆಯಿಂದ ತೋರಿಸಿಕೊಡುತ್ತಿದ್ದ. ಹಲ್ಲಿಗೆ ಚೈನು ಸಿಕ್ಕಿಸಿ, ಪೆಡಲು ತಿರುಗಿಸಿ, ಅದು ಕೂತ ಮೇಲೆ ಗೆಳೆಯನ ಮುಖ ನೋಡಿ ಮೆಲ್ಲಗೆ, ಹಾಸ್ಯವೇನೂ ಇಲ್ಲದೆ ಕೇಳಿದ: "ಗೊತ್ತಾಯ್ತಾ?" ಇನ್ನೊಬ್ಬ ತಲೆಯಾಡಿಸಿದ.

ನಾನು ಅಲ್ಲೇ ನಿಂತೆ. ಆ ಮಾತಿನ ಅರ್ಥವನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬಲ್ಲವರು ಆ ಊರಿನಲ್ಲಿ ನಾವು ಮೂವರೇ, ಮೂವರಲ್ಲಿ ಯಾರೂ ಹೇಳಿರಲಿಲ್ಲ. ಆದರೂ ಅವನು ಅದನ್ನು ಎಲ್ಲಿ ಇಡಬೇಕೋ ಸರಿಯಾಗಿ ಅಲ್ಲೇ ಇಟ್ಟಿದ್ದ. ದಾರಿಹೋಕನ ಬಗ್ಗೆ ನಾನು ಆಡಿದ ಉಳಿದ ಕನ್ನಡವೆಲ್ಲ ಗಾಳಿಗೆ ಹೋಗಿತ್ತು. ಇದೊಂದು ಮಾತು ಮಾತ್ರ ಉಳಿದಿತ್ತು. ಯಾಕೆ? ಅದರ ಮುಂದೆ ಒಂದು ಮೌನ ಇತ್ತು, ಒಂದು ನೋಟ ಇತ್ತು, ಗದ್ದ ಎತ್ತುವುದಿತ್ತು, ಅದು ಅವರಿಂದ ಏನನ್ನೋ ಬಯಸುತ್ತಿತ್ತು. ಮನೆ ತಲುಪುವ ಹೊತ್ತಿಗೆ ನನ್ನ ನಾಚಿಕೆ ಕಳೆದು ಬೇರೇನೋ ಶುರುವಾಗಿತ್ತು.

ಯೋಚಿಸಿದ್ದು ಹೀಗೆ. ಇದನ್ನು ಈಗ ಬರೆಯುವಾಗ ಆಗಿನದಕ್ಕಿಂತ ಚೊಕ್ಕವಾಗಿ ಕಾಣುತ್ತಿದೆ, ಅದನ್ನು ನಂಬಬೇಡಿ. ಕನ್ನಡ ನನಗೆ ಯಾವಾಗ ಹೇಗೆ ಬಂತೋ ನೆನಪಿಲ್ಲ. ಇಂಗ್ಲಿಷ್ ಕನ್ನಡದ ಮೂಲಕ ಬಂತು. ನಡುವೆ ಇನ್ನೊಂದು ಭಾಷೆಯಿಲ್ಲದೆ ಒಂದು ಭಾಷೆ ಒಬ್ಬನೊಳಗೆ ಇಳಿಯುವುದನ್ನು ನಾನು ಕಣ್ಣಾರೆ ಕಂಡೇ ಇಲ್ಲ. ಹುಡುಗರ ಇಂಗ್ಲಿಷಿನಲ್ಲಿ ಅದನ್ನು ನೋಡಲಾಗದು. ಅವರಿಗೆ ಅಲ್ಪಸ್ವಲ್ಪ ಬರುತ್ತದೆ, ಬಾರದ್ದನ್ನೆಲ್ಲ "ಯಸ್ ಸರ್" ಅಡಿಯಲ್ಲಿ ಮುಚ್ಚುತ್ತಾರೆ. ಏನೂ ಬಾರದ ಭಾಷೆಯಲ್ಲಾದರೆ ಮುಚ್ಚಲು ಏನೂ ಇರುವುದಿಲ್ಲ. ಅಂಥ ಭಾಷೆ ನನ್ನ ಹತ್ತಿರ ಒಂದಿತ್ತು.

ಮರುದಿನ ಪಾಠಗಳು ಮುಗಿದ ಮೇಲೆ, ಆಟಕ್ಕೆ ಮೊದಲು, ಬರಬೇಕೆನ್ನಿಸಿದವರು ಬನ್ನಿ ಎಂದು ಹೊನ್ನಾಳಿ ಮೇಷ್ಟ್ರ ಮನೆಯ ಮುಂದಿನ ಬೇವಿನ ಮರದ ಕೆಳಗೆ ಕರೆದೆ. ಆ ಸೀಮೆಯಲ್ಲಿ ಎಲ್ಲಿ ನೋಡಿದರೂ ಬೇವು, ನಮ್ಮ ಜಗಳೂರಿನ ಹಾಗೇ. ಮೇಷ್ಟ್ರ ಬಾಯಿಂದ 'ಗೊತ್ತಾಯ್ತಾ' ಇನ್ನಷ್ಟು ಸಲ ಕೇಳಬಹುದೆಂದು ಹುಡುಗರು ಗುಂಪಾಗಿ ಬಂದರು.

ಮೊದಲ ದಿನ ಕೆಟ್ಟಿತು. ಒಂದು ಕಲ್ಲು ಎತ್ತಿ ಹಿಡಿದು, "ನೋಡ್ರಪ್ಪಾ, ಇದು ಕಲ್ಲು, ಇದಕ್ಕೆ ನಾವು ಕಲ್ಲು ಅಂತೀವಿ," ಎಂದೆ. ಅವರು ಅಷ್ಟನ್ನೂ ಒಂದೇ ಉಂಡೆಯಾಗಿ ತಿರುಗಿ ಹೇಳಿದರು. ಅವರ ಪಾಲಿಗೆ ಕಲ್ಲಿನ ಹೆಸರು 'ನೋಡ್ರಪ್ಪಾ' ಎಂದೇ ಶುರುವಾಗುತ್ತಿತ್ತು. ನಾನು ಎಷ್ಟು ಹೆಚ್ಚು ಮಾತಾಡುತ್ತೇನೆಂದು ಆಗ ತಿಳಿಯಿತು. ಮರುದಿನ "ಕಲ್ಲು" ಎಂದಷ್ಟೇ ಹೇಳಿದೆ. "ಎಲೆ." "ನೀರು." ಆಮೇಲೆ "ಕಲ್ಲು ತಗೋ" ಎಂದು ನಾನೇ ತೆಗೆದುಕೊಂಡೆ. "ಎಲೆ ಕೊಡು" ಎಂದು ಕೈಚಾಚಿದೆ. ಮೊದಲು ನಾನು ಮಾಡುವುದು, ಆಮೇಲೆ ಒಬ್ಬನ ಜೊತೆ ಸೇರಿ ಮಾಡುವುದು, ಆಮೇಲೆ ಅವರು ಮಾಡುವುದು. ಬಾಯಿಂದ ಹೇಳಿ ಎಂದು ಅವಸರ ಮಾಡಿದರೆ ದನಿ ಬರುತ್ತಿತ್ತು, ಕೈ ಕದಲುತ್ತಿರಲಿಲ್ಲ. ಕೈಯನ್ನು ಮೊದಲು ಬಿಟ್ಟರೆ ಮಾತು ಅದರ ಹಿಂದೆ ತಾನಾಗಿ ಬರುತ್ತಿತ್ತು.

ಇನ್ನೊಂದು ಮೋಸವೂ ಸಿಕ್ಕಿತು. ಕಲ್ಲು, ಎಲೆ, ನೀರು ಎಂದು ಅದೇ ಸಾಲಿನಲ್ಲಿ ಕೇಳಿದರೆ ಯಾರೂ ತಪ್ಪುತ್ತಿರಲಿಲ್ಲ. ಸಾಲು ಕೆಡಿಸಿದರೆ ಅರ್ಧದಷ್ಟು ಜನ ತಪ್ಪುತ್ತಿದ್ದರು. ಅವರು ನನ್ನ ಮಾತನ್ನು ಕೇಳುತ್ತಿರಲಿಲ್ಲ, ಸಾಲನ್ನು ನೆನಪಿಟ್ಟಿದ್ದರು. ಸಾಲು ಕೆಡಿಸಿದರೂ ಸರಿಯಾಗಿ ಮಾಡುತ್ತಿದ್ದ ಇಬ್ಬರನ್ನು ಗಮನಿಸಿದರೆ, ನನ್ನ ಕಣ್ಣು ಯಾವ ವಸ್ತುವಿನ ಕಡೆ ಹೋಗುತ್ತದೆಂದು ನೋಡುತ್ತಿದ್ದರು! ಆಮೇಲೆ ಮರದ ಕಡೆ ಮುಖ ಮಾಡಿ, ಅವರಿಗೆ ಬೆನ್ನು ತೋರಿಸಿ ಹೇಳತೊಡಗಿದೆ. ಬೆನ್ನಿನ ಹಿಂದೆ ಯಾರ ಕೈ ಕದಲಿತೆಂದು ಅಕ್ಕ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು.

ಕೊನೆಗೆ ಅವರೇ ನನಗೆ ಅಪ್ಪಣೆ ಕೊಡಲಿ ಎಂದು ಸನ್ನೆ ಮಾಡಿದೆ. ಚೈನು ಕೂರಿಸಿದ್ದ ಹುಡುಗ ಮುಂದೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಂಭೀರವಾಗಿ ಹೇಳಿದ: "ಕೂತ್ಕೋ."

ಅಕ್ಕ ಹೌಹಾರಿದರು. "ಶಿವನೇ! ಮೇಷ್ಟ್ರಿಗೇ ಏಕವಚನ! ನಮ್ಮ ಚನ್ನಗಿರಿಯಾಗೆ ಹಿಂಗಂದಿದ್ರೆ ಬೆತ್ತ ಮುರೀತಿತ್ತು."

"ನಾನೇ ಕಲಿಸಿದ್ದು ಅಕ್ಕಾ."

"ಹಂಗಾರೆ ಮತ್ಯಾಕೆ ನಿಂತೀರಿ? ಕೂತ್ಕಳ್ರಿ, ಹೇಳಿದನಲ್ಲ."

ನಾನು ಮಣ್ಣಿನ ಮೇಲೆ ಕೂತೆ. ಹುಡುಗರ ನಗು ಇಡೀ ಕಾಂಪೌಂಡಿಗೆ ಕೇಳಿಸಿರಬೇಕು. ಆ ನಗುವಿನ ನಡುವೆ ಅವರೆಲ್ಲ ಇದ್ದಕ್ಕಿದ್ದ ಹಾಗೆ ಎದ್ದು ನಿಂತರು. ಹಿಂದೆ ತಿರುಗಿದರೆ ಉಪಪ್ರಾಂಶುಪಾಲರು.

"ಹಾಗಾದರೆ ಈಗ ಬಹಿರಂಗವಾಗಿಯೇ ಕಲಿಸುತ್ತಿದ್ದೀರಿ," ಎಂದರು ಇಂಗ್ಲಿಷಿನಲ್ಲಿ.

ನಾನು ಧೂಳು ಕೊಡವಿಕೊಂಡು ಎದ್ದೆ. "ಇದು ಅವರಿಗೆ ಕನ್ನಡ ಕಲಿಸಲಿಕ್ಕಲ್ಲ ಸರ್. ನಾನು ಕಲಿಯಲಿಕ್ಕೆ."

"ನಿಮ್ಮನ್ನು ಕರೆಸಿದ್ದು ಕಲಿಯಲಿಕ್ಕೋ, ಕಲಿಸಲಿಕ್ಕೋ?"

ಒಳ್ಳೆಯ ಉತ್ತರಗಳು ಹೊಳೆದವು, ಎಲ್ಲವೂ ಕನ್ನಡದಲ್ಲಿ. ಅವರು, "ಗುರುವಾರ ನಾನೂ ಬರುತ್ತೇನೆ," ಎಂದು ಹೇಳಿ ಹೊರಟುಹೋದರು.

ಅಂದು ಹೊನ್ನಾಳಿ ಮೇಷ್ಟ್ರಿಗೂ ನಗು ಬರಲಿಲ್ಲ. "ಸಾಕು ಮಾಡ್ರಿ ಈ ಪ್ರಯೋಗ. ನಾ ಹೇಳಿದಂಗೆ ಕೇಳ್ರಿ. ಚುರುಕಿರೋ ಒಂದಿಷ್ಟು ಹುಡುಗರನ್ನ ಮುಂದಿನ ಬೆಂಚಿಗೆ ಕೂರಿಸ್ರಿ. ಪ್ರಶ್ನೆ ಉತ್ತರ ಎರಡೂ ಮೊದಲೇ ಕೊಟ್ಟುಬಿಡ್ರಿ. ಗುರುವಾರ ನೀವು ಕೇಳೋದು, ಅವರು ಹೇಳೋದು. ಹೊನ್ನಾಳಿಯಾಗೆ ಸಾಹೇಬ್ರು ಬಂದಾಗೆಲ್ಲ ನಾವು ಮಾಡಿದ್ದು ಇದನ್ನೇ."

ನ್ಯಾಮತಿಯಲ್ಲಿ ನಾವೂ ಮಾಡಿದ್ದು ಇದನ್ನೇ. ಬುಧವಾರ ತರಗತಿಗೆ ಹೋಗಿ ದಾರಿಹೋಕನ ಪಾಠದ ಪ್ರಶ್ನೋತ್ತರಗಳನ್ನು ಕೊಟ್ಟೆ. ಹುಡುಗರು ಚುರುಕು, ಸ್ವಲ್ಪ ಹೊತ್ತಿನಲ್ಲೇ ಅಂದವಾಗಿ ಒಪ್ಪಿಸಿದರು. ಉಚ್ಚಾರಣೆ ನನಗಿಂತ ಚೆನ್ನಾಗಿತ್ತು. ಇಷ್ಟಕ್ಕೆ ನಿಲ್ಲಿಸಿದ್ದರೆ ನಿಶ್ಚಿಂತೆಯಿಂದ ಇರಬಹುದಿತ್ತು. ಆದರೆ ಬೇವಿನ ಮರದ ಚಟ ಹತ್ತಿತ್ತು, ಸಾಲು ಕೆಡಿಸಿ ಕೇಳಿದೆ: "ದಾರಿಹೋಕ ಎಲ್ಲಿ ಮಲಗಿದ?"

"ಅವನಿಗೆ ತುಂಬಾ ಹಸಿವಾಗಿದೆ, ಸರ್."

ಮುಖದಲ್ಲಿ ಎಂಥ ವಿಶ್ವಾಸ! ಅಲ್ಲಿ ನಿಂತುಕೊಂಡೇ ನಿರ್ಧಾರ ಮಾಡಿದೆ ಅನ್ನಿಸುತ್ತದೆ. ಅಥವಾ ನಿರ್ಧಾರ ಆಗಲೇ ಆಗಿತ್ತು, ಆ ಉತ್ತರ ಕೇಳಿ ಅದಕ್ಕೊಂದು ಕಾರಣ ಸಿಕ್ಕಿತು. ಒಪ್ಪಿಸುವ ಪಾಠ ಬೇಡ. ಬೇವಿನ ಕೆಳಗೆ ಕನ್ನಡದಲ್ಲಿ ಮಾಡಿದ್ದನ್ನೇ ನಾಳೆ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಮಾಡುವುದು. ಇಂಗ್ಲಿಷಿನಲ್ಲಿ ಒಮ್ಮೆಯೂ ಮಾಡಿ ನೋಡಿರಲಿಲ್ಲ.

ಸಂಜೆ ಮನೆಯಲ್ಲಿ ಹೇಳಿದಾಗ ಹೊನ್ನಾಳಿ ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. "ಪುಣ್ಯಾತ್ಮ! ಎದುರಿಗೆ ಇಬ್ಬರು ಕುಂತಿರ್ತಾರೆ. ಹುಡುಗರು ಬಾಯಿ ಬಿಡದಿದ್ರೆ ಏನು ಮಾಡ್ತೀರಿ?"

"ಗೊತ್ತಿಲ್ಲ ಸಾರ್."

"ನಿಮ್ಮ ಜಗಳೂರು ಕಡೆಯವರ ಹಟ ಅಂದ್ರೆ ಇದು ನೋಡ್ರಿ. ಮಳೆ ಬರಲಿ ಬಿಡಲಿ, ಬಿತ್ತೇಬಿಡೋದು."

"ಸುಮ್ನಿರ್ರಿ ಅತ್ಲಾಗೆ," ಎಂದರು ಅಕ್ಕ. "ಸೋತ್ರೂ ಅವರ ಉಪಾಯದಾಗೇ ಸೋಲ್ಲಿ. ನಿಮ್ಮ ಉಪಾಯದಾಗೆ ಸೋತ್ರೆ ಜೀವಮಾನ ಪೂರ್ತಿ ನಿಮ್ಮನ್ನ ಬೈಕೋತಾ ಇರ್ತಾರೆ. ಮೇಷ್ಟ್ರೇ, ನಾಳಿಕೆ ಏನು ಬೇಕು ಹೇಳ್ರಿ. ಕಲ್ಲಾ?"

ಕಲ್ಲು ಬೇಡ ಅನ್ನಿಸಿತು. ಪ್ರತಿಯೊಬ್ಬನ ಕೈಗೂ ಒಂದೊಂದು ಬರುವಂಥದ್ದು, ಒಡೆಯುವಂಥದ್ದು, ಒಳಗೆ ಏನಿದೆಯೆಂದು ನನಗೂ ಗೊತ್ತಿರದಂಥದ್ದು ಬೇಕಿತ್ತು. ಸಂತೆಯಲ್ಲಿ ಹೊಸ ಶೇಂಗಾ ಬಂದಿತ್ತು. ಅಕ್ಕ ತಂದಿಟ್ಟಿದ್ದ ಸಿಪ್ಪೆ ಸಮೇತದ ಶೇಂಗಾವನ್ನು ಒಂದು ಬಟ್ಟೆಯ ಚೀಲಕ್ಕೆ ಸುರಿದುಕೊಟ್ಟರು.

ಗುರುವಾರ ಇಬ್ಬರೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಚೀಲದಿಂದ ಒಂದು ಕಾಯಿ ತೆಗೆದು, "ಒಂದು ತೆಗೆದುಕೊಳ್ಳಿ, ಮುಂದಕ್ಕೆ ಕೊಡಿ," ಎಂದು ಇಂಗ್ಲಿಷಿನಲ್ಲಿ ಹೇಳಿ ಮೊದಲ ಬೆಂಚಿಗೆ ಚೀಲ ಕೊಟ್ಟೆ. ಚೀಲ ಕೈಯಿಂದ ಕೈಗೆ ಹೋಗುವಷ್ಟು ಹೊತ್ತೂ ತರಗತಿ ನಿಶ್ಶಬ್ದ. ಪಾಠ ಶುರುವಾಯಿತೋ ಇಲ್ಲವೋ ಎಂದು ಹಿಂದೆ ಕೂತವರಿಗೆ ಅನುಮಾನ ಬಂದಿರಬೇಕು. ನನಗೂ ಬಂತು. ಆಮೇಲೆ, ಒಂದೊಂದೇ ಮಾತು. ಎತ್ತಿ. ಕಿವಿಯ ಹತ್ತಿರ ಅಲ್ಲಾಡಿಸಿ. ಕೆಳಗಿಡಿ. ಎತ್ತಿ. ಸಾಲು ಕೆಡಿಸಿದೆ. ಬೋರ್ಡಿನ ಕಡೆ ತಿರುಗಿ, ಬೆನ್ನು ಮಾಡಿ ಹೇಳಿದೆ. ಬೆನ್ನ ಹಿಂದೆ ಕಾಯಿಗಳು ಅಲ್ಲಾಡುವ ಸದ್ದು ಒಟ್ಟಿಗೆ ಕೇಳಿತು, ಒಟ್ಟಿಗೆ ನಿಂತಿತು.

"ಒಡೆಯಿರಿ," ಅನ್ನುವ ಮೊದಲೇ ನಡುವಿನ ಬೆಂಚಿನವನೊಬ್ಬ ತನ್ನದನ್ನು ಒಡೆದು ತಿಂದುಬಿಟ್ಟಿದ್ದ. ಪಕ್ಕದವರು ಅವನನ್ನು ತಿವಿದರು. ನ್ಯಾಮತಿಯಲ್ಲಾಗಿದ್ದರೆ ನಿಲ್ಲಿಸಿ ಬೈಯುತ್ತಿದ್ದೆ. ಆದರೆ ಇದು ನಾನು ಬರೆದುಕೊಂಡಿರದ ವಾಕ್ಯ, ತಾನಾಗಿ ಬಂದಿತ್ತು. ತರಗತಿಯನ್ನು ಕೇಳಿದೆ: "ಅವನು ತಿಂದನೇ?"

"ಯಸ್ ಸರ್!"

"ಒಡೆದನೇ?"

"ಯಸ್ ಸರ್!"

"ಎಣಿಸಿದನೇ?"

"ಯಸ್..." ಎಂದು ಒಂದೆರಡು ದನಿ ಎದ್ದು ಅಲ್ಲೇ ನಿಂತವು. ಎಲ್ಲರೂ ತಿಂದವನ ಖಾಲಿ ಕೈ ನೋಡಿದರು. ಆಮೇಲೆ ಎಲ್ಲಿಂದಲೋ ಒಬ್ಬ, ಅವನ ಹಿಂದೆ ಹತ್ತಾರು ಜನ: "ನೋ, ಸರ್."

ಆ ತರಗತಿಯಲ್ಲಿ ನಾನು ಕೇಳಿದ ಮೊದಲ 'ನೋ' ಅದು.

ಉಳಿದದ್ದು ಹೊಳೆಗೆ ಬಿಟ್ಟ ತೆಪ್ಪದಂತೆ ಹೋಯಿತು. ಒಡೆದರು, ಎಣಿಸಿದರು. ನನ್ನದರಲ್ಲಿ ಎರಡು, ನಿನ್ನದರಲ್ಲಿ ಮೂರು, ಅವನದರಲ್ಲಿ ಒಂದು. ಕೇಳದೇ ಇದ್ದರೂ ಒಬ್ಬ ಎದ್ದು ನಿಂತು, ಸಿಪ್ಪೆಯ ಎರಡು ಹೋಳನ್ನೂ ಎತ್ತಿ ತೋರಿಸಿ, ಇಂಗ್ಲಿಷಿನಲ್ಲಿ ದೂರಿದ: "ಸರ್, ನನ್ನದು ಖಾಲಿ." ಆ ವಾಕ್ಯವನ್ನು ನಾನು ಕಲಿಸಿರಲಿಲ್ಲ. ಅವನಿಗೆ ಅದು ಬೇಕಾಗಿತ್ತು, ಎಲ್ಲಿಂದಲೋ ತಂದುಕೊಂಡ.

ಕೊನೆಗೆ ಹುಡುಗರೇ ಅಪ್ಪಣೆ ಕೊಡುವ ಸರದಿ. ಚೀಲ ಹಿಡಿದ ಹುಡುಗನೊಬ್ಬ ನನ್ನ ಕಡೆ ಬರದೆ ನೇರವಾಗಿ ಹಿಂದಿನ ಬೆಂಚಿಗೆ ಹೋದ. ಅವನನ್ನು ತಡೆಯಬೇಕೆಂದುಕೊಂಡೆ, ತಡೆಯಲಿಲ್ಲ. "ಒಂದು ತೆಗೆದುಕೊಳ್ಳಿ, ಸರ್," ಎಂದ ಪ್ರಾಂಶುಪಾಲರಿಗೆ. ಅವರು ತೆಗೆದುಕೊಂಡರು. "ಅಲ್ಲಾಡಿಸಿ." ಅಲ್ಲಾಡಿಸಿದರು. "ಒಡೆಯಿರಿ." ಆ ದೊಡ್ಡ ಬೆರಳುಗಳ ನಡುವೆ ಕಾಯಿ ಟಪ್ಪೆಂದು ಒಡೆಯಿತು. "ಎಷ್ಟು?"

"ಎರಡು," ಎಂದರು ಪ್ರಾಂಶುಪಾಲರು, ತಪ್ಪು ಹೇಳಿದರೆ ಎಲ್ಲಿ ಬೈಸಿಕೊಳ್ಳಬೇಕಾಗುತ್ತದೋ ಎಂಬಂತೆ.

ಉಪಪ್ರಾಂಶುಪಾಲರೂ ಒಂದು ತೆಗೆದುಕೊಂಡರು. ಒಡೆಯಲಿಲ್ಲ. ಮುಷ್ಟಿಯೊಳಗೆ ಹಿಡಿದುಕೊಂಡೇ ಕೂತರು, ಹಾಗೆಯೇ ಹೊರಗೆ ಹೋದರು.

ಗಂಟೆ ಹೊಡೆದ ಮೇಲೆ ಅವರಿಬ್ಬರೂ ವರಾಂಡದಲ್ಲಿ ನಿಂತು ಹೌಸಾದಲ್ಲಿ ಮಾತಾಡಿದರು. ನಾನು ಬಾಗಿಲ ಬಳಿ ಸಿಪ್ಪೆ ಗುಡಿಸಿ ಕೂಡಿಸುವ ನೆಪದಲ್ಲಿ ನಿಂತಿದ್ದೆ. ಬಹಳ ಹೊತ್ತು ಮಾತಾಡಿದವರು ಉಪಪ್ರಾಂಶುಪಾಲರು. ಮುಷ್ಟಿ ಬಿಡಿಸದೆ ಆ ಕೈಯನ್ನು ತರಗತಿಯ ಕಡೆ ಆಡಿಸುತ್ತಾ, ಒಂದೇ ಸಮನೆ. ಪ್ರಾಂಶುಪಾಲರು ನಡುನಡುವೆ ಚಿಕ್ಕದಾಗಿ ಏನೋ ಅನ್ನುತ್ತಿದ್ದರು. 'ಇಂಡಿಯಾ' ಎಂಬ ಮಾತು ಒಮ್ಮೆ ಕೇಳಿಸಿತು. ಒಮ್ಮೆ ಇಬ್ಬರಲ್ಲಿ ಒಬ್ಬರು ನಕ್ಕರು. ಆಮೇಲೆ ಪ್ರಾಂಶುಪಾಲರು ನನ್ನ ಹತ್ತಿರ ಬಂದು, "ಸೋಮವಾರದಿಂದ ಫಾರಂ ಟೂವನ್ನೂ ನೀವೇ ತೆಗೆದುಕೊಳ್ಳಿ. ಅವರ ಇಂಗ್ಲಿಷ್ ಮೇಷ್ಟ್ರು ಇನ್ನೂ ಬಂದಿಲ್ಲ," ಎಂದರು.

ನಾನು ಆ ಶಾಲೆಯಲ್ಲಿ ಎಂಬತ್ತರ ದಶಕದ ಒಳಗೂ ಬಹಳ ಕಾಲ ಇದ್ದೆ. ಹಾಗಾಗಿ ನಾನು ಗೆದ್ದೆ ಎಂದು ಈ ಕಥೆಯನ್ನು ಮುಗಿಸಬಹುದು, ಅಕ್ಕ ಹಾಗೆಯೇ ಮುಗಿಸುತ್ತಿದ್ದರು. ಆದರೆ ನನ್ನನ್ನು ಉಳಿಸಿದ್ದು ಪಾಠವೋ, ಬಾರದೇ ಹೋದ ಆ ಇನ್ನೊಬ್ಬ ಮೇಷ್ಟ್ರೋ, ಹೇಳಲಾರೆ. ಉಪಪ್ರಾಂಶುಪಾಲರು ವರಾಂಡದಲ್ಲಿ ನನ್ನ ವಿರುದ್ಧವೇ ಅಷ್ಟು ಹೊತ್ತು ಮಾತಾಡಿದರೆಂದು ವರ್ಷಗಟ್ಟಲೆ ನಂಬಿದ್ದೆ. ಆಮೇಲೆ ಅವರ ಜೊತೆ ಒಂದೇ ತಟ್ಟೆಯಲ್ಲಿ ಊಟ ಮಾಡುವಷ್ಟು ಸ್ನೇಹವಾಯಿತು. ಹೌಸಾವನ್ನೂ ಸಂತೆಯಲ್ಲಿ ಜಗಳವಾಡುವಷ್ಟು ಕಲಿತೆ. ಅವರು ವರ್ಗವಾಗಿ ಹೋಗುವ ದಿನ ಅವರ ಪೆಟ್ಟಿಗೆಯನ್ನು ಲಾರಿಗೆ ಏರಿಸಿದವರಲ್ಲಿ ನಾನೂ ಒಬ್ಬ. ಅಷ್ಟೆಲ್ಲ ದಿನಗಳಲ್ಲಿ ಒಮ್ಮೆಯೂ ಕೇಳಲಿಲ್ಲ. ಅವರು ಅಂದು ನನ್ನ ಪರ ವಾದಿಸಿದರೋ, ನನ್ನನ್ನು ಕಳಿಸಿಬಿಡಿ ಎಂದರೋ, ನಕ್ಕವರು ಅವರೋ ಪ್ರಾಂಶುಪಾಲರೋ, ನನಗೆ ಗೊತ್ತಿಲ್ಲ.